ಫ್ರೀಕ್ವೆನ್ಸಿ ಯಾವುದು ಅಂತ ಯಾರೂ ಕೇಳಲ್ಲ

ನಮ್ಮ ಕಾಲೇಜಿನ ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ ಪ್ರತಿ ವರ್ಷ ಒಂದು ಸ್ಮಾರ್ಟ್ ಡಸ್ಟ್‌ಬಿನ್ ಇರುತ್ತೆ, ಎರಡಾದರೂ ಸ್ಮಾರ್ಟ್ ಕೃಷಿ ಇರುತ್ತೆ. ಕೃಷಿ ಅಂದ ಮೇಲೆ ಹೊಲದ ತನಕ ವೈಫೈ ಮುಟ್ಟಲ್ಲ, ಲೋರಾ ಮಾಡ್ಯೂಲ್ ಬಂದೇ ಬರುತ್ತೆ. ರಿವ್ಯೂನಲ್ಲಿ ರೇಂಜ್ ಎಷ್ಟು, ಬ್ಯಾಟರಿ ಎಷ್ಟು ದಿನ, ನಾವೆಲ್ಟಿ ಏನು ಅಂತೆಲ್ಲ ಕೇಳ್ತಾರೆ. ಇದು ಯಾವ ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡುತ್ತೆ, ಅದಕ್ಕೆ ಭಾರತದಲ್ಲಿ ಅನುಮತಿ ಇದೆಯಾ ಅಂತ ಮಾತ್ರ ಯಾರೂ ಕೇಳಲ್ಲ. ಕೇಳಬೇಕು ಅನ್ನೋದು ನಮ್ಮ ವಾದ.

ಮಾಡ್ಯೂಲ್ ಎಲ್ಲಿಂದ ಬರುತ್ತೆ ಅಂತ ಎಲ್ಲರಿಗೂ ಗೊತ್ತು. ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿ ಮೆಟ್ರೋ ಹತ್ತಿ, ಮುಂದಿನ ಸ್ಟೇಷನ್ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು, ಎಸ್‌ಪಿ ರೋಡ್‌ಗೆ ನಡೆದರೆ ಆಯ್ತು. "ಲೋರಾ ಕೊಡಿ ಅಣ್ಣ" ಅಂದರೆ "433 ಬೇಕಾ, 868 ಬೇಕಾ?" ಅಂತಾರೆ. ಅಂಗಡಿಯವರು ಕೇಳೋ ಪ್ರಶ್ನೆಯನ್ನ ನಮ್ಮ ಪ್ಯಾನೆಲ್ ಕೇಳಲ್ಲ!

868/915 ಅಂತ ಮಾರೋ ಮಾಡ್ಯೂಲ್ ಎರಡೂ ಕಡೆ ಕೆಲಸ ಮಾಡುತ್ತೆ. ಯಾವ ಕಡೆ ಅನ್ನೋದನ್ನ ತೀರ್ಮಾನಿಸೋದು ನಮ್ಮ ಕೋಡ್. ಎಲ್ಲರೂ ಕಾಪಿ ಮಾಡಿಕೊಳ್ಳೋ ಆರ್ಡುಯಿನೋ ಉದಾಹರಣೆಯಲ್ಲಿ 915 ಮೆಗಾಹರ್ಟ್ಸ್ ಅಂತ ಇರುತ್ತೆ. ಅಮೆರಿಕದಲ್ಲಿ ಅದು ಸರಿ, ಅಲ್ಲಿ 902ರಿಂದ 928ರವರೆಗೆ ಲೈಸೆನ್ಸ್ ಬೇಡ. ನಮ್ಮಲ್ಲಿ 890ರಿಂದ 915 ಅಂದರೆ ಮೊಬೈಲ್‌ಗಳು ಟವರ್‌ಗೆ ಸಿಗ್ನಲ್ ಕಳಿಸೋ ಜಾಗ. ಪೇಪರ್‌ನಲ್ಲಿ 'ತರಂಗಾಂತರ ಹರಾಜು' ಅಂತ ಬರುತ್ತಲ್ಲ, ಕಂಪನಿಗಳು ದುಡ್ಡು ಕೊಟ್ಟು ತಗೊಳ್ಳೋದು ಇಂಥದ್ದನ್ನೇ. ಒಂದು ಮಾಡ್ಯೂಲ್‌ನಿಂದ ಬಸವನಗುಡಿಯ ನೆಟ್‌ವರ್ಕ್ ಬಿದ್ದುಹೋಗಲ್ಲ, ನಿಜ. ಆದರೆ ಟವರ್ ಅಲ್ಲಿ ಕಿವಿಗೊಟ್ಟು ಕೇಳ್ತಿರೋದು ದೂರದ ಫೋನ್‌ಗಳ ತೀರಾ ಸಣ್ಣ ಸಿಗ್ನಲ್‌ಗಳನ್ನ. ಅದರ ಪಕ್ಕದಲ್ಲಿ ನಿಂತು ಕೂಗೋದು ಸರಿಯಲ್ಲ.

ನಮಗೆ ಅಂತಲೇ ಬಿಟ್ಟ ಜಾಗ ಬೇರೆ ಇದೆ. 2005ರಲ್ಲಿ 865ರಿಂದ 867 ಮೆಗಾಹರ್ಟ್ಸ್‌ವರೆಗೆ ಲೈಸೆನ್ಸ್‌ನಿಂದ ವಿನಾಯಿತಿ ಕೊಟ್ಟರು, 2021ರಲ್ಲಿ ಅದನ್ನ 868ಕ್ಕೆ ವಿಸ್ತರಿಸಿದರು. ಟ್ರಾನ್ಸ್‌ಮಿಟರ್ ಪವರ್ 1 ವ್ಯಾಟ್‌ವರೆಗೆ, ಬ್ಯಾಂಡ್‌ವಿಡ್ತ್ 200 ಕಿಲೋಹರ್ಟ್ಸ್‌ವರೆಗೆ ಇರಬಹುದು. ಸಾಮಾನ್ಯವಾಗಿ ನಾವು ಬಳಸೋ ಲೋರಾ 100 ಮಿಲಿವ್ಯಾಟ್, 125 ಕಿಲೋಹರ್ಟ್ಸ್, ಆರಾಮಾಗಿ ಹಿಡಿಸುತ್ತೆ. ಕೋಡ್‌ನಲ್ಲಿ 915 ತೆಗೆದು 866 ಹಾಕಿದರೆ ಮುಗೀತು. ಕ್ವಾರ್ಟರ್ ವೇವ್ ಆಂಟೆನಾ 8.2 ಸೆಂಟಿಮೀಟರ್ ಇದ್ದದ್ದು ಸುಮಾರು 8.7 ಆಗಬೇಕು. ಅರ್ಧ ಸೆಂಟಿಮೀಟರ್ ತಂತಿ! ಯುರೋಪಿನ ಕೋಡ್ ಕಾಪಿ ಮಾಡೋರು ಇನ್ನೂ ಹುಷಾರಾಗಿರಬೇಕು. ಅವರ ಲೋರಾವ್ಯಾನ್ ಮೊದಲ ಚಾನೆಲ್ 868.1, ನಮ್ಮ ಗೆರೆಯಿಂದ ಸ್ವಲ್ಪವೇ ಆಚೆ. ಇನ್ನು 433ಕ್ಕೆ ಮಿತಿ 10 ಮಿಲಿವ್ಯಾಟ್ ಮಾತ್ರ, ಹೊಲದ ಪ್ರಾಜೆಕ್ಟ್‌ಗೆ ಆಗೋದಲ್ಲ.

ಲೈಸೆನ್ಸ್ ಬೇಡ ಅಂದರೆ ಏನೂ ಬೇಡ ಅಂತಲ್ಲ. ಸಾಧನಕ್ಕೆ ಇಟಿಎ, ಅಂದರೆ ಎಕ್ವಿಪ್‌ಮೆಂಟ್ ಟೈಪ್ ಅಪ್ರೂವಲ್ ಬೇಕು. ಕೊಡೋದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಇಂಥ ಲೈಸೆನ್ಸ್ ಬೇಡದ ಬ್ಯಾಂಡ್‌ಗಳ ಸಾಧನಗಳಿಗೆ ಲ್ಯಾಬ್ ಟೆಸ್ಟ್ ರಿಪೋರ್ಟ್ ಇಟ್ಟುಕೊಂಡು ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಸ್ವಯಂ ಘೋಷಣೆ ಮಾಡೋ ವ್ಯವಸ್ಥೆ ಇದೆ. ಮಾಡ್ಯೂಲ್ ಮೇಲಿನ ಸಿಇ, ಎಫ್‌ಸಿಸಿ ಗುರುತುಗಳು ಯುರೋಪ್, ಅಮೆರಿಕಕ್ಕೆ. ಅವು ಇಟಿಎ ಬದಲಿಗೆ ನಡೆಯಲ್ಲ. ಮಾಡ್ಯೂಲ್ ಕೊಳ್ಳೋ ಮುಂಚೆ ಇಟಿಎ ನಂಬರ್ ಇದೆಯಾ ಅಂತ ಮಾರೋರನ್ನ ಕೇಳಬಹುದು. ಕೇಳೋಕೆ ದುಡ್ಡೇನೂ ಕೊಡಬೇಕಿಲ್ಲ.

"ಬರೀ ಡೆಮೊ ತಾನೇ, ಬಿಡ್ರೋ" ಅನ್ನೋ ಮಾತಿದೆ. ಆದರೆ ಡೆಮೊ ಚೆನ್ನಾಗಿ ಬಂದರೆ ಅದೇ ಪ್ಯಾನೆಲ್ "ಸ್ಟಾರ್ಟಪ್ ಮಾಡಿ" ಅನ್ನುತ್ತೆ. ಸೀನಿಯರ್‌ಗಳು ಐವತ್ತು ಪೀಸ್ ಮಾಡಿಸಿ ಮಾರೋಕೆ ಹೊರಟ ದಿನ ಬೋರ್ಡ್, ಆಂಟೆನಾ, ರೇಂಜ್ ಟೆಸ್ಟ್ ಎಲ್ಲ ಮತ್ತೆ ಮೊದಲಿಂದ ಮಾಡಬೇಕಾದರೆ ಆ ಖರ್ಚು ಯಾರದ್ದು? ಕಮ್ಯುನಿಕೇಷನ್ ಪೇಪರ್‌ನಲ್ಲಿ ಮಾಡ್ಯುಲೇಷನ್ ಫಾರ್ಮುಲಾಗಳನ್ನ ಬಾಯಿಪಾಠ ಮಾಡ್ತೀವಿ, ದೇಶದ ಫ್ರೀಕ್ವೆನ್ಸಿ ಹಂಚಿಕೆ ಪಟ್ಟಿಯನ್ನ ಒಮ್ಮೆಯೂ ತೆಗೆದು ನೋಡಲ್ಲ. ಎನ್‌ಎಫ್‌ಎಪಿ ಅಂತ ಹುಡುಕಿದರೆ ಪಿಡಿಎಫ್ ಪುಕ್ಕಟೆ ಸಿಗುತ್ತೆ.

ಹೊಸ ಸಬ್ಜೆಕ್ಟ್ ಸೇರಿಸಿ ಅಂತ ನಾವು ಕೇಳ್ತಿಲ್ಲ, ಇರೋದನ್ನ ಪಾಸ್ ಮಾಡೋದೇ ಕಷ್ಟ. ವೈರ್‌ಲೆಸ್ ಇರೋ ಪ್ರತಿ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಒಂದು ಸಾಲಿನ ಟೇಬಲ್ ಇರಲಿ: ಫ್ರೀಕ್ವೆನ್ಸಿ, ಪವರ್, ಬ್ಯಾಂಡ್‌ವಿಡ್ತ್, ಇಟಿಎ ನಂಬರ್. ಮುಂದಿನ ಸೆಮಿಸ್ಟರ್‌ನ ಮೊದಲ ರಿವ್ಯೂಗೇ ಶುರು ಮಾಡಬಹುದು.