ಪಾಲಿಮರ್ ಎಂದರೆ ಬರೀ ಕ್ಯಾರಿಬ್ಯಾಗ್ ಅಲ್ಲ

ಪ್ಲಾಸ್ಟಿಕ್ ಯುಗ ಮುಗಿಯುತ್ತಿದೆ, ಹಾಗಾಗಿ ಪಾಲಿಮರ್ ವಿಜ್ಞಾನದಲ್ಲಿ ಪಿಎಚ್‌.ಡಿ. ಮಾಡುವುದು ವ್ಯರ್ಥ ಎಂಬ ಲೇಖನವೊಂದರ ವಾದವನ್ನು ಒಪ್ಪಲಾಗದು. ಡಯಾಲಿಸಿಸ್‌ನಲ್ಲಿ ರಕ್ತ ಸೋಸುವ ಪೊರೆ, ದೇಹದೊಳಗೇ ಕರಗುವ ಹೊಲಿಗೆ ದಾರ, ಲಿಥಿಯಂ ಬ್ಯಾಟರಿಯ ವಿದ್ಯುದ್ವಾರಗಳು ಒಂದಕ್ಕೊಂದು ತಾಗದಂತೆ ತಡೆಯುವ ತೆಳುಹಾಳೆ ಇವೆಲ್ಲವೂ ಪಾಲಿಮರ್‌ಗಳೇ. ಲೇಖಕರು ಇವನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಇನ್ನು ಕಸದ ಮಾತು. ನೀರಿನ ಬಾಟಲಿಯ ಪ್ಲಾಸ್ಟಿಕ್ ಆದ ಪೆಟ್‌ನಲ್ಲಿ ಎಸ್ಟರ್ ಬಂಧಗಳಿವೆ. ಅವನ್ನು ಮೆಥನಾಲ್‌ನಿಂದಲೋ ಕಿಣ್ವದಿಂದಲೋ ಮುರಿದು ಮೂಲವಸ್ತು ಪಡೆಯಬಹುದು. ಪೆಟ್ ತಿನ್ನುವ ಬ್ಯಾಕ್ಟೀರಿಯವೊಂದನ್ನು ಜಪಾನಿನ ವಿಜ್ಞಾನಿಗಳು 2016ರಲ್ಲಿ ವರದಿ ಮಾಡಿದರು. ಆದರೆ ಕೈಚೀಲದ ಪಾಲಿಥೀನ್‌ನ ಬೆನ್ನೆಲುಬು ಪೂರ್ತಿ ಇಂಗಾಲ-ಇಂಗಾಲ ಬಂಧ. ಅದು ಅಷ್ಟು ಸುಲಭಕ್ಕೆ ಜಗ್ಗದು. ಈ ಗಂಟನ್ನು ಬಿಡಿಸುವವರು ಯಾರು? ನಿಷೇಧದ ಆದೇಶದಿಂದ ಬಂಧ ಮುರಿಯುವುದಿಲ್ಲ. ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ದುಡಿಯುವ ಸಂಶೋಧಕರು ಬೇಕು. ಅವರನ್ನೇ ಬೇಡವೆಂದರೆ ಹೇಗೆ?

ಈ ಕ್ಷೇತ್ರದಲ್ಲಿ ಅವಕಾಶವೇ ಇಲ್ಲ ಎಂಬ ಲೇಖಕರ ಮಾತೂ ತಪ್ಪು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೆಟೀರಿಯಲ್ಸ್ ಎಂಜಿನಿಯರಿಂಗ್ ವಿಭಾಗವಿದೆ, ಪುಣೆಯಲ್ಲಿ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವಿದೆ. 2023ರಿಂದ ಕಿರಿಯ ಸಂಶೋಧನಾ ಫೆಲೋಶಿಪ್‌ನ (ಜೆಆರ್‌ಎಫ್) ಮೊತ್ತ ತಿಂಗಳಿಗೆ 37,000 ರೂಪಾಯಿ. ಈ ಹಣ ಎಷ್ಟೋ ಸಲ ತಡವಾಗಿ ಕೈಸೇರುತ್ತದೆ ಎಂಬ ದೂರು ಮಾತ್ರ ನಿಜ. ಅದನ್ನು ಸರಿಪಡಿಸಿ ಎಂದು ಸರ್ಕಾರವನ್ನು ಒತ್ತಾಯಿಸುವುದಾದರೆ ನಾನೂ ಲೇಖಕರ ಜೊತೆಗಿದ್ದೇನೆ.