ಹೊಲದ ಬೂಷ್ಟು, ಎದೆಯ ಬೇನೆ

ನಮ್ಮ ಸೀಮೆಯಲ್ಲಿ ಕೆಮ್ಮಿಗೆ ಎರಡೇ ಹೆಸರು. ಬಂದು ಹೋದರೆ ನೆಗಡಿ, ನಿಂತು ಕಾಡಿದರೆ ಕ್ಷಯ. ಮೂರನೆಯ ಕಾರಣವೊಂದಿರಬಹುದೆಂಬ ವಿಚಾರ ಸುಶಿಕ್ಷಿತರಲ್ಲಿಯೂ ವಿರಳ. ಹಳಸಿದ ರೊಟ್ಟಿಯ ಮೇಲೆ, ಮಳೆಗೆ ನೆನೆದ ಬಣವೆಯಲ್ಲಿ, ಜೋಳದ ತೆನೆಯ ಕಾಡಿಗೆಯಲ್ಲಿ ಕಾಣುವ ಶಿಲೀಂಧ್ರಕುಲವೇ ಆ ಮೂರನೆಯ ಕಾರಣ. ಬೆಳೆಯ ರೋಗವನ್ನು ಕೃಷಿ ಇಲಾಖೆಗೆ, ಮನುಷ್ಯನ ರೋಗವನ್ನು ಆಸ್ಪತ್ರೆಗೆ ಹಂಚಿಕೊಟ್ಟು, ಎರಡರ ನಡುವಣ ನಂಟನ್ನು ನಾವು ಮರೆತಿದ್ದೇವೆ. ಈ ಮರೆವನ್ನು ಇನ್ನು ಮುಂದುವರಿಸಲಾಗದು.

ಆ ನಂಟನ್ನು ಮರೆಯದೆ ದುಡಿದ ಕನ್ನಡ ನಾಡಿನ ವಿಜ್ಞಾನಿಯೊಬ್ಬರಿದ್ದರು. 1914ರಲ್ಲಿ ಜನಿಸಿದ ಡಾ. ಎಂ. ಜೆ. ತಿರುಮಲಾಚಾರ್ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಪೈರುಗಳ ಕಾಡಿಗೆ ರೋಗ, ತುಕ್ಕು ರೋಗಗಳನ್ನು ತರುವ ಶಿಲೀಂಧ್ರಗಳನ್ನು ಅಭ್ಯಸಿಸಿದರು. ಭಾರತದ ಕಾಡಿಗೆ ಶಿಲೀಂಧ್ರಗಳನ್ನು ಕುರಿತು ಮುಂಡ್ಕೂರರೊಡನೆ ಅವರು ರಚಿಸಿದ ಗ್ರಂಥ 1952ರಲ್ಲಿ ಹೊರಬಂದಿತು. ಮುಂದೆ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆಯ ಸಂಶೋಧನೆಯ ಹೊಣೆ ಹೊತ್ತರು. ಅಲ್ಲಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಅವರೂ ಅವರ ಸಹೋದ್ಯೋಗಿಗಳೂ ಪಡೆದ ಶಿಲೀಂಧ್ರನಾಶಕವೇ ಹ್ಯಾಮೈಸಿನ್. ಅದರ ವಿವರ 1961ರಲ್ಲಿ ಪ್ರಕಟವಾಯಿತು. ಅದೇ ಪ್ರಯೋಗಶಾಲೆಯ ಇನ್ನೊಂದು ಔಷಧ ಆರಿಯೋಫಂಜಿನ್ ಬೆಳೆಗಳ ಶಿಲೀಂಧ್ರರೋಗಗಳಿಗೆ ಉಪಯೋಗವಾಯಿತು. ಒಂದೇ ಕೈ ಪೈರಿಗೂ ಮನುಷ್ಯನಿಗೂ ಮದ್ದು ಅರೆಯಿತು. 1967ರ ಭಟ್ನಾಗರ್ ಪ್ರಶಸ್ತಿ ಅವರಿಗೆ ಸಂದಿತು.

ಈ ಕಾರ್ಯದ ಕಾಠಿಣ್ಯವನ್ನು ತಿಳಿಯಬೇಕು. ಪೆನಿಸಿಲಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಶಿಲೀಂಧ್ರವನ್ನು ಮುಟ್ಟದು. ಶಿಲೀಂಧ್ರದ ಜೀವಕೋಶ ನಮ್ಮ ಜೀವಕೋಶವನ್ನೇ ಬಹುಮಟ್ಟಿಗೆ ಹೋಲುವುದರಿಂದ ಅದಕ್ಕೆ ಹಾಕಿದ ವಿಷ ನಮಗೂ ತಾಗುವ ಭಯವುಂಟು. ಅದರ ಹೊರಪೊರೆಯಲ್ಲಿ ಮಾತ್ರ ಇರುವ ಎರ್ಗೊಸ್ಟೆರಾಲ್ ಎಂಬ ವಸ್ತುವನ್ನು ಹಿಡಿದು ಪೊರೆಯನ್ನು ಭೇದಿಸುವುದು ಹ್ಯಾಮೈಸಿನ್ ವರ್ಗದ ಔಷಧಗಳ ಗುಟ್ಟು. 2021ರಲ್ಲಿ ಕೋವಿಡ್ಡಿನ ಬೆನ್ನಿಗೆ ಕಪ್ಪು ಶಿಲೀಂಧ್ರ ಹಬ್ಬಿದಾಗ ದೇಶವೆಲ್ಲ ಪರದಾಡಿದ ಆಂಫೊಟೆರಿಸಿನ್ ಕೂಡ ಈ ವರ್ಗದ್ದೇ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಮಿತಿಮೀರಿದ ಸ್ಟೀರಾಯ್ಡ್ ಇವೆರಡೂ ಆ ರೋಗಕ್ಕೆ ಬಾಗಿಲು ತೆರೆದವು.

ಕಪ್ಪು ಶಿಲೀಂಧ್ರ ಸುದ್ದಿಯಾಯಿತು, ಆದರೆ ಸದ್ದಿಲ್ಲದೆ ಕೊಲ್ಲುವುದು ಬೇರೆಯೇ ಇದೆ. ಕ್ಷಯ ವಾಸಿಯಾದ ಮೇಲೂ ಕೆಲವರ ಶ್ವಾಸಕೋಶದಲ್ಲಿ ಪೊಳ್ಳು ಉಳಿಯುತ್ತದೆ. ಆಸ್ಪರ್ಜಿಲಸ್ ಎಂಬ ಬೂಷ್ಟು ಅಲ್ಲಿ ಬೇರೂರಬಲ್ಲದು. ಆಗ ಕೆಮ್ಮು ಮರಳುತ್ತದೆ, ಮೈ ಸೊರಗುತ್ತದೆ, ಕಫದಲ್ಲಿ ರಕ್ತ ಕಾಣುತ್ತದೆ. ನೋಡಿದವರು ಕ್ಷಯವೇ ಮರುಕಳಿಸಿತೆನ್ನುತ್ತಾರೆ. ಕಫದಲ್ಲಿ ಕ್ಷಯದ ಕ್ರಿಮಿ ಕಾಣದಿದ್ದರೂ ಮತ್ತೆ ಕ್ಷಯದ ಗುಳಿಗೆಯನ್ನೇ ನುಂಗಿಸಿದರೆ ಬಡವನ ಕಾಲವೂ ಕಾಸೂ ವ್ಯರ್ಥ, ಪ್ರಾಣಕ್ಕೂ ಅಪಾಯ. ಇದಲ್ಲದೆ ಬೂಷ್ಟು ಹಿಡಿದ ಹುಲ್ಲಿನ, ಕಾಳಿನ ಧೂಳು ಸೋಂಕಿಲ್ಲದೆಯೂ ಎದೆಯನ್ನು ಕೆರಳಿಸಬಲ್ಲದು. ವೈದ್ಯಶಾಸ್ತ್ರ ಅದನ್ನು 'ರೈತನ ಶ್ವಾಸಕೋಶ' ಎಂದೇ ಕರೆದಿದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಮರಳಿ, ಗಂಗಾವತಿಯ ಸುತ್ತ ಭತ್ತದ ಗದ್ದೆಗಳೂ ಅಕ್ಕಿ ಗಿರಣಿಗಳೂ ಬೆಳೆದಿವೆ. ಇಲ್ಲಿನ ದುಡಿಯುವ ಎದೆಗಳಿಗೆ ಇದು ದೂರದ ಮಾತಲ್ಲ.

ಇನ್ನೊಂದು ಅಪಾಯ ನಮ್ಮ ಕೈಯಿಂದಲೇ ಒದಗಬಹುದು. ಪೈರಿಗೆ ಸಿಂಪಡಿಸುವ ಟೆಬುಕೊನಜೋಲ್, ಪ್ರೊಪಿಕೊನಜೋಲ್‌ಗಳೂ ರೋಗಿಗೆ ಕೊಡುವ ಇಟ್ರಾಕೊನಜೋಲ್, ವೊರಿಕೊನಜೋಲ್‌ಗಳೂ ಒಂದೇ ಮನೆತನದವು. ಹೊಲದಲ್ಲಿ ಈ ಔಷಧಕ್ಕೆ ಪಳಗಿದ ಆಸ್ಪರ್ಜಿಲಸ್ ಆಸ್ಪತ್ರೆಯ ಔಷಧಕ್ಕೂ ಜಗ್ಗುವುದಿಲ್ಲ. ಇಂತಹ ತಳಿಗಳು ಯುರೋಪಿನಲ್ಲಿಯೂ ನಮ್ಮ ದೇಶದಲ್ಲಿಯೂ ಪತ್ತೆಯಾಗಿವೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ 19 ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಹೊರಡಿಸಿ, ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಅನ್ನು ಅತ್ಯಂತ ಗಂಭೀರವಾದ ನಾಲ್ಕರಲ್ಲಿ ಸೇರಿಸಿತು.

ಕ್ಷಯವೇ ಇನ್ನೂ ತೊಲಗದಿರುವಾಗ ಬೂಷ್ಟಿನ ಚಿಂತೆಯೇಕೆ ಎಂದು ಕೇಳುವವರುಂಟು. ಕ್ಷಯದ ಚಿಕಿತ್ಸೆ ಪೂರ್ಣವಾಗಿ ಸಫಲವಾಗಬೇಕಾದರೆ ಅದರ ಪಾಳುಮನೆಯಲ್ಲಿ ಹೊಕ್ಕವನನ್ನೂ ಗುರುತಿಸಬೇಕು ಎಂಬುದೇ ಅದಕ್ಕೆ ಉತ್ತರ. ಆದುದರಿಂದ ಕ್ಷಯ ವಾಸಿಯಾದವರ ಕೆಮ್ಮು ಮರಳಿದಾಗ ಕ್ಷಯದ ಪರೀಕ್ಷೆಯೊಡನೆ ಶಿಲೀಂಧ್ರದ ಪರೀಕ್ಷೆಯೂ ಜಿಲ್ಲೆಯಲ್ಲಿಯೇ ನಡೆಯುವಂತಾಗಬೇಕು. ಗಿರಣಿಯ ಮಾಲೀಕರು ಧೂಳು ಹೊರಹೋಗುವ ಏರ್ಪಾಡನ್ನೂ ಕೆಲಸಗಾರರಿಗೆ ತಕ್ಕ ಮುಖಗವಸನ್ನೂ ಒದಗಿಸಬೇಕು. ರೈತರು ಕಾಳನ್ನು ಚೆನ್ನಾಗಿ ಒಣಗಿಸಿಯೇ ಕೂಡಿಡಬೇಕು, ಔಷಧವನ್ನು ಅಳತೆ ಮೀರಿ ಸಿಂಪಡಿಸಬಾರದು.

ಶಾಲೆಯ ಪಾಲೂ ಇದರಲ್ಲಿದೆ. ನಮ್ಮ ಮಠಗಳು ಅನ್ನದಾಸೋಹವನ್ನೂ ಅಕ್ಷರದಾಸೋಹವನ್ನೂ ನಡೆಸಿಕೊಂಡು ಬಂದಿವೆ. ಅಕ್ಷರವೆಂದರೆ ಪುಸ್ತಕದ ಅಕ್ಷರವಷ್ಟೇ ಅಲ್ಲ. ಯಲಬುರ್ಗಾ, ಕುಷ್ಟಗಿಗಳ ಜೋಳದ ಕಾಡಿಗೆಯನ್ನೂ ಗಂಗಾವತಿಯ ಭತ್ತದ ಬೆಂಕಿರೋಗವನ್ನೂ ಸೂಕ್ಷ್ಮದರ್ಶಕದಡಿ ಓದಲು ಕಲಿತ ಮಗುವೂ ಸಾಕ್ಷರನೇ. ತಿರುಮಲಾಚಾರ್ಯರ ದಾರಿ ಆರಂಭವಾದದ್ದು ರೋಗ ಹಿಡಿದ ತೆನೆಯಿಂದ. ಅಂತಹ ತೆನೆ ನಮ್ಮ ವಿದ್ಯಾರ್ಥಿಗಳ ಮನೆಯ ಹೊಲದಲ್ಲಿಯೇ ಇದೆ. ಅದನ್ನು ಕಿತ್ತೆಸೆಯುವ ಮುನ್ನ ಒಮ್ಮೆ ಶಾಲೆಗೆ ತಂದು ನೋಡುವ ಅಭ್ಯಾಸವಾದರೆ, ನಾಳೆ ನಮ್ಮೂರ ಕೆಮ್ಮಿನ ಕಾರಣವನ್ನು ಹುಡುಕುವವರು ನಮ್ಮವರೇ ಆದಾರು.