ಬಂಡೆಯ ಮೇಲಿನ ಕೆಂಪಂಗಿ

ಪುಟಾಣಿಗಳೇ, ಬೇಸಿಗೆ ರಜೆಯಲ್ಲಿ ರಾಮನಗರದ ಬೆಟ್ಟಕ್ಕೋ ನಂದಿಬೆಟ್ಟಕ್ಕೋ ಹೋದವರು ಇವನನ್ನು ನೋಡಿರಬಹುದು. ಕಾದ ಬಂಡೆಯ ನೆತ್ತಿಯಲ್ಲಿ ದಂಡ ಹೊಡೆಯುವ ಪೈಲ್ವಾನ. ಬೆನ್ನು ಕೆಂಪು, ಪಕ್ಕೆ ಕಪ್ಪು. ಇವನೇ ಬಂಡೆ ಓತಿಕ್ಯಾತ. ಕೆಲವರು "ಅಗೋ ಗೋಸುಂಬೆ!" ಎನ್ನುತ್ತಾರೆ. ಅಲ್ಲ. ಗೋಸುಂಬೆ ಕೊಂಬೆಗೆ ಬಾಲ ಸುತ್ತಿಕೊಂಡು ತೂಗುತ್ತಾ ನಡೆಯುವ ನಿಧಾನಿ. ಇವನೋ, ಕಣ್ಣು ಮಿಟುಕಿಸುವಷ್ಟರಲ್ಲಿ ಬಿರುಕಿನೊಳಗೆ!

ಅದೇ ಬಂಡೆಯಲ್ಲಿ ಹೆಣ್ಣು ಓತಿಯೂ ಇರುತ್ತದೆ. ಆದರೆ ಕಾಣಿಸದು. ಕಂದು ಮೈ, ಮೇಲೆ ಚುಕ್ಕೆ, ಥೇಟ್ ಕಲ್ಲಿನ ಹಾಗೆಯೇ. ಮರಿಗಳೂ ಅಷ್ಟೆ. ಒಂದೇ ಮನೆಯಲ್ಲಿ ಗಂಡಿಗೆ ಮಾತ್ರ ಹಬ್ಬದ ಬಟ್ಟೆ ಏಕೆ?

ಮೇಲೆ ಗಿಡುಗ, ಸಂದಿಯಲ್ಲಿ ಹಾವು. ಕಲ್ಲಿಗೆ ಹೊಂದದ ಬಣ್ಣದ ಹೆಣ್ಣು ಮೊಟ್ಟೆ ಇಡುವ ಮೊದಲೇ ಯಾರದೋ ಹೊಟ್ಟೆ ಸೇರುತ್ತದೆ. ಹೊಂದಿದ್ದು ಉಳಿದು, ತನ್ನಂಥ ಮರಿಗಳನ್ನು ಬಿಟ್ಟುಹೋಗುತ್ತದೆ. ಸಾವಿರಾರು ತಲೆಮಾರು ಹೀಗೇ ನಡೆಯಿತು. ಡಾರ್ವಿನ್ 1859ರಲ್ಲಿ ವಿವರಿಸಿದ ನಿಸರ್ಗದ ಆಯ್ಕೆ ಇದೇ. ಗಂಡಿನ ಲೆಕ್ಕ ಬೇರೆ. ಬದುಕಿ ಉಳಿದರೆ ಸಾಲದು, ಹೆಣ್ಣಿನ ಕಣ್ಣಿಗೂ ಬೀಳಬೇಕು, ಎದುರಾಳಿಯನ್ನೂ ಓಡಿಸಬೇಕು. ಮಂಕಾಗಿದ್ದವನಿಗೆ ಮರಿಗಳಿಲ್ಲ, ಸದಾ ಹೊಳೆಯುವವನಿಗೆ ಆಯುಸ್ಸಿಲ್ಲ.

ಹಾಗಾಗಿ ಬೇಕಾದಾಗ ಮಾತ್ರ ಹೊಳೆಯುವ ಉಪಾಯ! ಚರ್ಮದ ಕೋಶಗಳಲ್ಲಿ ಬಣ್ಣದ ಕಣಗಳಿವೆ. ಕಪ್ಪು ಕಣ ಹರಡಿದರೆ ಮೈ ಕಪ್ಪು, ನಡುವಿಗೆ ಸರಿದರೆ ತಿಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಅನುರಾಧಾ ಬಟಬ್ಯಾಲ್ ಇದನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಹೆಣ್ಣು ಎದುರಾದರೆ ಬೆನ್ನು ಕೆಂಪು, ಪಕ್ಕೆ ಕಪ್ಪು. ಇನ್ನೊಂದು ಗಂಡು ಬಂದರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಜಗಳದ ಬಣ್ಣ ಬೇಗ ಬರುತ್ತದೆ. ಮೆಚ್ಚಿಸುವ ಬಣ್ಣ ನಿಧಾನವಾಗಿ ಬಂದರೂ ಹೆಚ್ಚು ಎದ್ದು ಕಾಣುತ್ತದೆ. ಸರಿಯೇ ಅಲ್ಲವೇ? ಜಗಳಕ್ಕೆ ಯಾರೂ ಕನ್ನಡಿ ನೋಡಿಕೊಂಡು ಹೋಗುವುದಿಲ್ಲ.

ಅಜ್ಜಂದಿರೇ, ಓತಿಕ್ಯಾತನಿಗೆ ಕಲ್ಲು ಬೀರಿದ ನೆನಪು ನಿಮ್ಮಲ್ಲಿ ಹಲವರಿಗಿದೆ. "ನಮ್ಮ ರಕ್ತ ಹೀರಿ ಕೆಂಪಾಗುತ್ತದೆ" ಎಂಬುದು ಆಗ ಕೊಟ್ಟ ಕಾರಣ. ಪಾಪ, ಅದು ತಿನ್ನುವುದು ಇರುವೆ, ಹುಳುಹುಪ್ಪಟೆ. ಏಟು ಬೀಳುತ್ತಿದ್ದುದೂ ಕೆಂಪಾಗಿ ಕಂಡವನಿಗೇ, ಅಂದರೆ ಸಂಸಾರ ಹೂಡಲು ಹೊರಟವನಿಗೆ. ಈಗಲೂ ಕೆಲವೆಡೆ ಈ ಆಟ ನಿಂತಿಲ್ಲ. ಜೊತೆಗೆ ಬಂಡೆಯನ್ನೇ ಒಡೆದು ಜಲ್ಲಿ ಮಾಡುತ್ತಿದ್ದಾರೆ. ಕಲ್ಲಿನ ಬಣ್ಣ ಹೊತ್ತವಳು ಕಲ್ಲೇ ಇಲ್ಲದಿದ್ದರೆ ಎಲ್ಲಿ ಅಡಗುತ್ತಾಳೆ?

ಈ ಸಲ ಬೆಟ್ಟಕ್ಕೆ ಹೋದರೆ ಕೆಂಪಂಗಿಯವನ ಆಸುಪಾಸಿನಲ್ಲೇ ಹತ್ತು ನಿಮಿಷ ಸದ್ದಿಲ್ಲದೆ ಕುಳಿತು, ಹೆಣ್ಣನ್ನು ಹುಡುಕಿ. ಮೊದಲು ಕಂಡದ್ದು ಅಜ್ಜಿಗೋ ಮೊಮ್ಮಗಳಿಗೋ, ನಮಗೊಂದು ಕಾಗದ ಬರೆಯಿರಿ.